ಲೀಕ್ ಆದ್ರೆ ಆಗ್ಲಿ ಬಿಡಿ: ರೆಕಾರ್ಡಿಂಗ್ ಕೆಲಸದಲ್ಲಿ ನನಗೆ ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಕಲಿಸಿದ್ದು

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆಲ್ಲ ಒಂದು ಭಯ ಇರುತ್ತದೆ. ಅದರ ಹೆಸರು ಲೀಕ್. ಹಾಡುವವರ ಮೈಕಿಗೆ ತಬಲಾ ಸದ್ದು ನುಗ್ಗುವುದು, ತಬಲಾ ಮೈಕಿಗೆ ಹಾಡು ನುಗ್ಗುವುದು. ಒಮ್ಮೆ ಹಾಗೆ ಬೆರೆತರೆ ಮುಗಿಯಿತು, ಹಾಲಿಗೆ ಬಿದ್ದ ನೀರಿನ ಹಾಗೆ. ಹಾಡಿನಲ್ಲಿ ಒಂದು ಶಬ್ದ ತಪ್ಪಾದರೆ ಆ ಶಬ್ದ ಮಾತ್ರ ತೆಗೆದು ಬೇರೆಯದು ಸೇರಿಸಲು ಆಗುವುದಿಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದು: ಎಲ್ಲವನ್ನೂ ಬೇರೆ ಬೇರೆ ಹಿಡಿ, ಹಾಡುವವರನ್ನು ಗಾಜಿನ ಬೂತ್ ಒಳಗೆ ಹಾಕು, ಬಾಗಿಲು ಮುಚ್ಚು. ಹನ್ನೊಂದು ವರ್ಷ ಅದನ್ನೇ ಮಾಡಿದೆ. ಚೆನ್ನಾಗಿಯೇ ಮಾಡಿದೆ ಅಂತ ಅಂದುಕೊಂಡಿದ್ದೆ ಕೂಡ.

ಎರಡು ವರ್ಷದ ಹಿಂದೆ ಗದಗ ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಐವತ್ತು ದಾಟಿದ ವಯಸ್ಸು. ಊರೂರಿನ ಭಜನೆಗಳಲ್ಲಿ ತತ್ವಪದ ಹಾಡಿ ಹೆಸರು ಮಾಡಿದವರು. ಆರು ಪದಗಳ ಆಲ್ಬಮ್ ಮಾಡಬೇಕಿತ್ತು. ಪ್ರೊಡ್ಯೂಸರ್ ಮೊದಲೇ ಮ್ಯೂಸಿಕ್ ಎಲ್ಲ ಪ್ರೋಗ್ರಾಂ ಮಾಡಿಸಿಟ್ಟಿದ್ದರು. ಕೀಬೋರ್ಡ್, ಕೊಳಲು, ರಿದಂ ಲೂಪ್ ಎಲ್ಲ ರೆಡಿ. ಇವರು ಬಂದು ಹಾಡಿ ಹೋದರೆ ಆಯಿತು. ಹಳೇ ಸೀರೆಯಲ್ಲಿ ಸುತ್ತಿದ ಪೇಟಿಯನ್ನು ಹೊತ್ತು ತಂದಿದ್ದರು. ಹಾರ್ಮೋನಿಯಂ ಅಂದರೆ ಆ ಕಡೆ ಪೇಟಿ. ನಾನೇ ಹೇಳಿದೆ, "ಅಕ್ಕಾ, ಅದು ಹೊರಗೇ ಇರಲಿ, ಮ್ಯೂಸಿಕ್ ಆಗ್ಲೇ ರೆಡಿ ಇದೆ."

ಮೊದಲ ದಿನ ಒಂದೇ ಪದಕ್ಕೆ ಹದಿನಾಲ್ಕು ಟೇಕ್ ಆಯಿತು. ಶ್ರುತಿ ಸರಿ ಇತ್ತು. ತಾಳ ಸರಿ ಇತ್ತು. ತಪ್ಪು ಅಂತ ತೋರಿಸಲು ಏನೂ ಇರಲಿಲ್ಲ. ಆದರೆ ಹಾಡು ಸತ್ತು ಮಲಗಿತ್ತು. ಹೆಡ್‌ಫೋನ್ ಹಾಕಿಕೊಂಡು ನಿಂತ ಅವರು ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತಿದ್ದರು. "ವಯಸ್ಸಾಯ್ತಲ್ವಾ" ಅಂದರು ಪ್ರೊಡ್ಯೂಸರ್. ನಾನೂ ತಲೆ ಆಡಿಸಿದೆ.

ಸಂಜೆ ಟೀ ಬಂತು ಅಂತ ಕರೆಯಲು ಹೊರಗೆ ಹೋದೆ. ಬೆಂಚಿನ ಮೇಲೆ ಕೂತು, ಪೇಟಿ ಬಿಚ್ಚಿ, ತಮ್ಮ ಪಾಡಿಗೆ ತಾವು ಹಾಡಿಕೊಳ್ಳುತ್ತಿದ್ದರು. ಅದೇ ಪದ. ಆದರೆ ಹಾಡುತ್ತಿದ್ದವರು ಬೇರೆ ಯಾರೋ ಅನ್ನಿಸಿತು. ಒಂದು ಸಾಲು ಮುಗಿದ ಮೇಲೆ ಅವರ ಕೈ ತಿದಿ ಒತ್ತುವುದನ್ನು ಸ್ವಲ್ಪ ತಡೆಯುತ್ತಿತ್ತು, ಉಸಿರು ಬಂದ ಮೇಲೆ ಮತ್ತೆ ಒತ್ತುತ್ತಿತ್ತು. ಆಗಲೂ ನನ್ನ ಮಂಡೆಗೆ ಹೋಗಲಿಲ್ಲ ನೋಡಿ. "ಅಕ್ಕಾ, ಇದನ್ನೇ ಒಳಗೆ ಬಂದು ಹಾಡಿ" ಅಂದೆ. ಅವರು ನಕ್ಕರು. "ತಮ್ಮಾ, ಕೈ ಖಾಲಿ ಇದ್ರ ಬಾಯಿಗೆ ಪದ ಬರಂಗಿಲ್ಲೋ."

ರಾತ್ರಿ ಮೆಟ್ರೋದಲ್ಲಿ ಮನೆಗೆ ಹೋಗುವಾಗ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಆಗ ನೆನಪಾದದ್ದು ಅರೀಥಾ ಫ್ರಾಂಕ್ಲಿನ್. ಆಕೆಯ ಕಥೆ ನನಗೆ ಹತ್ತು ವರ್ಷದಿಂದ ಗೊತ್ತಿತ್ತು. ನನ್ನ ಕೆಲಸಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೊಳೆದಿರಲಿಲ್ಲ.

ಚರ್ಚಿನ ಹಾಡಿನ ಬೇರಿನಿಂದ ಬೆಳೆದ ಅಮೆರಿಕದ ಸೋಲ್ ಸಂಗೀತದ ರಾಣಿ ಅಂತ ಆಕೆಯನ್ನು ಕರೆಯುತ್ತಾರೆ. ಹುಟ್ಟಿದ್ದು 1942ರಲ್ಲಿ ಮೆಂಫಿಸ್‌ನಲ್ಲಿ, ಬೆಳೆದಿದ್ದು ಡೆಟ್ರಾಯಿಟ್‌ನಲ್ಲಿ. ಅಪ್ಪ ಸಿ. ಎಲ್. ಫ್ರಾಂಕ್ಲಿನ್ ಅಲ್ಲಿನ ನ್ಯೂ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಅವರ ಪ್ರವಚನಗಳು ರೆಕಾರ್ಡ್ ಆಗಿ ಮಾರಾಟ ಆಗುತ್ತಿದ್ದವು, ಅಷ್ಟು ಹೆಸರಿತ್ತು. ಮಹಾಲಿಯಾ ಜಾಕ್ಸನ್, ಕ್ಲಾರಾ ವಾರ್ಡ್ ತರಹದ ದೊಡ್ಡ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಗಾಯಕಿಯರು ಮನೆಗೆ ಬಂದು ಹೋಗುತ್ತಿದ್ದರು. ಅರೀಥಾಗೆ ಹತ್ತು ತುಂಬುವ ಹೊತ್ತಿಗೆ ಅಮ್ಮ ತೀರಿಕೊಂಡರು. ಹುಡುಗಿ ಕೇಳಿ ಕೇಳಿಯೇ ಪಿಯಾನೋ ಕಲಿತಳು. 14ನೇ ವಯಸ್ಸಿಗೆ ಅಪ್ಪನ ಚರ್ಚಿನಲ್ಲೇ ಆಕೆಯ ಹಾಡು ರೆಕಾರ್ಡ್ ಆಯಿತು. ಆ ಹಾಡು ಕೇಳಿದರೆ ಆಮೇಲೆ ಬಂದದ್ದೆಲ್ಲ ಅದರೊಳಗೇ ಇದೆ ಅನ್ನಿಸುತ್ತದೆ. ಪಿಯಾನೋ ಮುಂದೆ ಕೂತ ಮಗು, ಸುತ್ತ ಸೊಲ್ಲು ಸೇರಿಸುವ ಜನ. ನಮ್ಮ ಭಜನೆಯ ಹಾಗೆಯೇ.

1960ರಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಆಕೆಯನ್ನು ಸೇರಿಸಿಕೊಂಡಿತು. ಆಗ ಆಕೆಗೆ 18. ಆರಿಸಿದವನು ಅಲ್ಲಿನ ಪ್ರೊಡ್ಯೂಸರ್ ಜಾನ್ ಹ್ಯಾಮಂಡ್. ಜಾಝ್ ಗಾಯಕಿ ಬಿಲ್ಲಿ ಹಾಲಿಡೇಯನ್ನು ಗುರುತಿಸಿದವನೂ ಅವನೇ, ಮರುವರ್ಷ ಬಾಬ್ ಡಿಲನ್‌ನನ್ನು ಕರೆತಂದವನೂ ಅವನೇ. ಅಂದರೆ ಕಿವಿ ಇಲ್ಲದ ಜನರ ಕೈಗೇನೂ ಆಕೆ ಸಿಕ್ಕಿರಲಿಲ್ಲ. ಮತ್ತೆ ಯಾಕೆ ಆರು ವರ್ಷ ಒಂದು ದೊಡ್ಡ ಹಿಟ್ ಬರಲಿಲ್ಲ?

ಆ ಹೊತ್ತಿನ ಆಲ್ಬಮ್‌ಗಳನ್ನು ನಾನು ಕೆಲಸದ ಕಿವಿಯಲ್ಲಿ ಕೇಳಿದ್ದೇನೆ. ಕೆಟ್ಟದಾಗಿಲ್ಲ. ಪಿಟೀಲುಗಳ ದೊಡ್ಡ ಗುಂಪು, ಹಳೇ ನಾಟಕದ ಹಾಡುಗಳು, ಜಾಝ್, ಬ್ಲೂಸ್ ಎಲ್ಲ ಇವೆ. ಒಂದು ಆಲ್ಬಮ್‌ನಿಂದ ಇನ್ನೊಂದಕ್ಕೆ ಆಕೆ ಯಾರು ಅನ್ನೋದೇ ಬದಲಾಗುತ್ತದೆ. ಕೆಲವು ಹಾಡಿಗೆ ಪಿಯಾನೋ ಆಕೆಯದೇ. ಆದರೆ ಬಹಳಷ್ಟು ಕಡೆ ಮ್ಯೂಸಿಕ್ ಬೇರೆಯವರು ಬರೆದು ಮುಗಿಸಿದ್ದು, ಆಕೆ ಅದರ ಮೇಲೆ ಬಂದು ಹಾಡಿದ್ದು. ಆ ಆರು ವರ್ಷದಲ್ಲಿ ಹೆಚ್ಚು ಓಡುವ ಹಾಡುಗಳ ಪಾಪ್ ಪಟ್ಟಿಯ ಮೊದಲ ನಲವತ್ತರೊಳಗೆ ಬಂದ ಹಾಡು ಒಂದೇ. ಅದೂ 37ನೇ ಜಾಗದಲ್ಲಿ, 1961ರಲ್ಲಿ. ಮ್ಯೂಸಿಕ್ ಆಗ್ಲೇ ರೆಡಿ ಇದೆ, ಪೇಟಿ ಹೊರಗಿರಲಿ ಅಂತ ಅಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಆದರೂ ನನಗೆ ಕೇಳಿಸಿದ್ದು ಅದೇ.

1966ರ ಕೊನೆಗೆ ಆಕೆ ಅಟ್ಲಾಂಟಿಕ್ ರೆಕಾರ್ಡ್ಸ್‌ಗೆ ಬಂದಳು. ಅಲ್ಲಿನ ಪ್ರೊಡ್ಯೂಸರ್ ಜೆರ್ರಿ ವೆಕ್ಸ್ಲರ್ ಆಕೆಯನ್ನು ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿದ್ದ ಫೇಮ್ ಸ್ಟುಡಿಯೋಗೆ ಕರೆದುಕೊಂಡು ಹೋದ. ನ್ಯೂಯಾರ್ಕ್ ಎಲ್ಲಿ, ಆ ಚಿಕ್ಕ ಊರು ಎಲ್ಲಿ. ಆದರೆ ಅಲ್ಲಿನ ವಾದ್ಯದವರು ಕಾಗದ ನೋಡಿ ನುಡಿಸುವವರಲ್ಲ. ಹಾಡು ಕೇಳಿ, ಎಲ್ಲರೂ ಒಟ್ಟಿಗೆ ಕೂತು, ಅಲ್ಲೇ ಕಟ್ಟುವವರು. ಎಲ್ಲ ಬಿಳಿ ಹುಡುಗರು, ಆಕೆ ಕಪ್ಪು ಹೆಣ್ಣುಮಗಳು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಟ ಇನ್ನೂ ಬಿಸಿಯಾಗಿದ್ದ ಕಾಲ ಅದು.

1967ರ ಜನವರಿ 24. ಆಕೆ ನೇರ ಪಿಯಾನೋ ಮುಂದೆ ಕೂತಳು. ಕೀಬೋರ್ಡ್ ನುಡಿಸುವ ಸ್ಪೂನರ್ ಓಲ್ಡ್‌ಹ್ಯಾಮ್ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋ ಹಿಡಿದ. ಡೆಟ್ರಾಯಿಟ್‌ನ ರಾನಿ ಶ್ಯಾನನ್ ಬರೆದ 'ಐ ನೆವರ್ ಲವ್ಡ್ ಎ ಮ್ಯಾನ್' ಹಾಡು ತಗೊಂಡರು. ಮೊದಲು ಯಾರಿಗೂ ಅದು ಕೈಗೆ ಹತ್ತಲಿಲ್ಲ. ನಡೆ ಸಿಗದೆ ಎಲ್ಲರೂ ಒದ್ದಾಡಿದರು. ಕೊನೆಗೆ ಓಲ್ಡ್‌ಹ್ಯಾಮ್ ಬೆರಳಿಗೆ ಒಂದು ಪುಟ್ಟ ತುಣುಕು ಸಿಕ್ಕಿತು. ಹಾಡು ಶುರುವಾಗುವಾಗ ಇವತ್ತಿಗೂ ಕೇಳಿಸುವುದು ಅದೇ. ಅದನ್ನು ಹಿಡಿದು ಉಳಿದವರು ಸೇರಿಕೊಂಡರು, ಆಕೆಯ ಪಿಯಾನೋ ಎಳೆದ ಕಡೆಗೆ ಎಲ್ಲರೂ ಹೋದರು. ಹಾಡು ಮುಗಿಯಿತು.

ಎರಡನೇ ಹಾಡು ಅರ್ಧಕ್ಕೇ ನಿಂತಿತು. ಕುಡಿತ ಸೇರಿತು, ಮಾತಿಗೆ ಮಾತು ಬೆಳೆಯಿತು. ಆಕೆಯ ಗಂಡ ಟೆಡ್ ವೈಟ್‌ಗೂ ಒಬ್ಬ ಊದುವ ವಾದ್ಯದವನಿಗೂ ಜಗಳ. ಸ್ಟುಡಿಯೋ ಮಾಲೀಕ ರಿಕ್ ಹಾಲ್ ಸಮಾಧಾನ ಮಾಡಲು ಹೋಟೆಲ್‌ಗೆ ಹೋದ, ಅಲ್ಲಿ ಜಗಳ ಇನ್ನೂ ಜೋರಾಯಿತು. ಬೆಳಗಾದ ಮೇಲೆ ಎಲ್ಲರೂ ಗಂಟುಮೂಟೆ ಕಟ್ಟಿದರು. ಒಂದು ವಾರ ಅಂತ ಹೋದವರು, ಒಂದೇ ದಿನಕ್ಕೆ ವಾಪಸ್!

ವೆಕ್ಸ್ಲರ್ ಕೈಯಲ್ಲಿ ಇದ್ದದ್ದು ಒಂದೂವರೆ ಹಾಡು. ಮುಗಿದಿದ್ದ ಹಾಡಿನ ಪ್ರತಿಗಳನ್ನು ರೇಡಿಯೋದವರಿಗೆ ಕೊಟ್ಟ. ಅವರು ಹಾಕಿದರು, ಜನ ಕೇಳಿದರು, ಅಂಗಡಿಯಲ್ಲಿ ಬೇಕು ಅಂದರು. ಆದರೆ ಆಗಿನ ಸಿಂಗಲ್ ರೆಕಾರ್ಡಿಗೆ ಎರಡು ಮುಖ. ಇನ್ನೊಂದು ಮುಖಕ್ಕೆ ಹಾಡೇ ಇಲ್ಲ! ಹಾಡುವವಳು ಎಲ್ಲಿದ್ದಾಳೆ ಅಂತಲೂ ಕೆಲವು ದಿನ ಗೊತ್ತಾಗಲಿಲ್ಲ. ಡೆಡ್‌ಲೈನ್ ಇಟ್ಟುಕೊಂಡು ಕೆಲಸ ಮಾಡಿದ ಯಾರಿಗಾದರೂ ಇದನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಕೊನೆಗೆ ಆಕೆ ನ್ಯೂಯಾರ್ಕ್‌ಗೆ ಬಂದಳು. ಅರ್ಧ ಉಳಿದಿದ್ದ ಹಾಡಿಗೆ ತಾನೇ ಪಿಯಾನೋ ನುಡಿಸಿದಳು, ಆರ್ಗನ್ ನುಡಿಸಿದಳು, ಹಾಡಿದಳು. ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ದನಿ ಸೇರಿಸಿದರು. ಫೆಬ್ರವರಿಯಲ್ಲಿ ರೆಕಾರ್ಡ್ ಹೊರಬಂತು. ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಜಾಗ, ಪಾಪ್ ಪಟ್ಟಿಯಲ್ಲಿ 9ನೇ ಜಾಗ. ಆರು ವರ್ಷದಲ್ಲಿ ಆಗದ್ದು ಒಂದೂವರೆ ಹಾಡಿನಲ್ಲಿ ಆಯಿತು.

ವೆಕ್ಸ್ಲರ್ ಅದೇ ಮಸಲ್ ಶೋಲ್ಸ್ ಹುಡುಗರನ್ನು ನ್ಯೂಯಾರ್ಕ್‌ಗೆ ಕರೆಸಿಕೊಂಡ. 1967ರ ಫೆಬ್ರವರಿ 14ರಂದು ರೆಕಾರ್ಡ್ ಆದದ್ದು 'ರೆಸ್ಪೆಕ್ಟ್'. ಮೂಲದಲ್ಲಿ ಅದು ಗಾಯಕ ಓಟಿಸ್ ರೆಡ್ಡಿಂಗ್ ಬರೆದು 1965ರಲ್ಲಿ ಹಾಡಿದ್ದು. ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುವ ಹಾಡು. ಅದನ್ನು ಹೆಣ್ಣಿನ ಬಾಯಿಗೆ ಹಾಕಿದ ತಕ್ಷಣ ಅರ್ಥ ತಿರುಗಿ ನಿಂತಿತು. ರೆಸ್ಪೆಕ್ಟ್ ಅನ್ನುವ ಶಬ್ದದ ಅಕ್ಷರಗಳನ್ನು ಒಂದೊಂದಾಗಿ ಹೇಳುವ ಜಾಗ ಇದೆಯಲ್ಲ, ಅದು ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ. ಅರೀಥಾ, ಕ್ಯಾರೊಲಿನ್ ಸೇರಿ ಹಾಡಿಗೆ ಹೊಸ ರೂಪ ಕೊಟ್ಟಿದ್ದರು. ಸ್ಟುಡಿಯೋಗೆ ಬರುವ ಮೊದಲೇ ಆಕೆ ಅದನ್ನು ಕಾರ್ಯಕ್ರಮಗಳಲ್ಲಿ ಹಾಡಿ ಹದ ಮಾಡಿದ್ದಳು. ಜೂನ್‌ನಲ್ಲಿ ಅದು ಅಮೆರಿಕದ ಪಾಪ್ ಪಟ್ಟಿಯ ತುದಿಗೆ ಹೋಗಿ ಎರಡು ವಾರ ಕೂತಿತು. ಮರುವರ್ಷ ಎರಡು ಗ್ರ್ಯಾಮಿ ಬಂದವು, ಜೂನ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂತು. ಉಳಿದದ್ದು ಎಲ್ಲರಿಗೂ ಗೊತ್ತು.

ಆಕೆಯ ಅಟ್ಲಾಂಟಿಕ್ ಹಾಡುಗಳಿಗೆ ಎಂಜಿನಿಯರ್ ಟಾಮ್ ಡೌಡ್. ನಮ್ಮ ಕಸುಬಿನ ದೊಡ್ಡ ಹೆಸರು. ಎಳೆ ವಯಸ್ಸಿನಲ್ಲಿ ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ ಕೆಲಸ ಮಾಡಿದ್ದವನು. ಮಿಕ್ಸರ್‌ನಲ್ಲಿ ನಾವು ಬೆರಳಲ್ಲಿ ಮೇಲೆ ಕೆಳಗೆ ತಳ್ಳುವ ಫೇಡರ್ ಬಂದದ್ದರಲ್ಲಿ ಅವನ ಪಾಲು ದೊಡ್ಡದು. ಎಲ್ಲವನ್ನೂ ಬೇರೆ ಬೇರೆ ಹಿಡಿಯಲು ಎಂಟು ಟ್ರ್ಯಾಕ್ ಮಷೀನ್ ಅವನ ಹತ್ತಿರ ಇತ್ತು. ಆದರೂ ಆಕೆ ಪಿಯಾನೋ ನುಡಿಸುತ್ತಲೇ ಹಾಡಿದಳು. ಲೀಕ್ ಅವನಿಗೆ ಗೊತ್ತಿರಲಿಲ್ಲವೇ?

ಚರ್ಚಿಗೆ ಕರೆದುಕೊಂಡು ಹೋದೆ, ಪಿಯಾನೋ ಮುಂದೆ ಕೂರಿಸಿದೆ, ಆಕೆ ಆಕೆಯಾಗಿರಲು ಬಿಟ್ಟೆ ಅಂತ ವೆಕ್ಸ್ಲರ್ ಆಮೇಲೆ ಹೇಳಿಕೊಳ್ಳುತ್ತಿದ್ದ. ಈ ಮಾತು ನನಗೆ ಸ್ವಲ್ಪ ಕಿರಿಕಿರಿ. ಚರ್ಚೂ ಆಕೆಯದು, ಪಿಯಾನೋನೂ ಆಕೆಯದು. ಇವನು ಮಾಡಿದ್ದು ಅಡ್ಡ ಬರದೆ ಇದ್ದದ್ದು. ಆದರೆ ಹನ್ನೊಂದು ವರ್ಷ ಅಡ್ಡ ನಿಂತವನು ನಾನು, ಹಾಗಾಗಿ ಜಾಸ್ತಿ ಮಾತಾಡುವ ಹಾಗಿಲ್ಲ.

ಮರುದಿನ ಪ್ರೊಡ್ಯೂಸರ್ ಹತ್ತಿರ ಅರ್ಧ ದಿನ ಕೇಳಿಕೊಂಡೆ. ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ದೊಡ್ಡ ರೂಮಿನ ನಡುವೆ ಜಮಖಾನ ಹಾಸಿ ಅಕ್ಕನನ್ನು ಪೇಟಿ ಜೊತೆ ಕೂರಿಸಿದೆ. ಹಾಡಿಗೆ ಇಂಗ್ಲಿಷ್ 8ರ ಆಕಾರದಲ್ಲಿ ಸದ್ದು ಹಿಡಿಯುವ ಮೈಕ್ ಇಟ್ಟೆ. ಅದು ಹಿಂದೆ ಮುಂದೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಪಕ್ಕದಿಂದ ಬರುವುದಕ್ಕೆ ಕಿವುಡು. ಆ ಕಿವುಡು ಭಾಗ ಪೇಟಿಯ ಕಡೆಗೆ ಬರುವ ಹಾಗೆ ಮೈಕ್ ವಾಲಿಸಿದೆ. ಪೇಟಿಯ ಹಿಂದೆ ಒಂದು ಕಂಬಳಿ ನೇತುಹಾಕಿದೆ. ಗಾಜಿನ ಬೂತ್ ಒಳಗೆ ಹೋದವರು ಈ ಸಲ ತಬಲಾದವರು. ಅಕ್ಕನ ಕೈ ಕಾಣುವ ಹಾಗೆ ಅವರನ್ನು ಕೂರಿಸಿದೆ. ಹೆಡ್‌ಫೋನಿನಲ್ಲಿ ತಾಳ ಎಣಿಸುವ ಕ್ಲಿಕ್ ಇಲ್ಲ, ಲೂಪ್ ಇಲ್ಲ. "ಅವರು ನಿಂತರೆ ನೀವೂ ನಿಲ್ಲಿ" ಅಂತ ಮಾತ್ರ ಹೇಳಿದೆ.

ಮಧ್ಯಾಹ್ನದ ಊಟದೊಳಗೆ ನಾಲ್ಕು ಪದ ಮುಗಿದವು.

ನಷ್ಟವೂ ಆಯಿತು, ಮುಚ್ಚಿಡುವುದಿಲ್ಲ. ಮೂರನೇ ಪದದಲ್ಲಿ ಒಂದು ಶಬ್ದ ಅದಲುಬದಲಾಗಿತ್ತು. ಅದೊಂದನ್ನೇ ಪಂಚ್ ಮಾಡಲು, ಅಂದರೆ ಆ ಜಾಗಕ್ಕೆ ಮಾತ್ರ ಹೊಸದಾಗಿ ಹಾಡಿಸಿ ಸೇರಿಸಲು ಹೋದೆ, ಪೇಟಿಯ ಸ್ವರ ಕತ್ತರಿಸಿ ಹೋಯಿತು. ಇಡೀ ಪದ ಮತ್ತೆ ಹಾಡಿಸಿದೆ. ಶಬ್ದ ಸರಿಯಾಯಿತು, ಹಾಡು ಮೊದಲಿನಷ್ಟು ಬರಲಿಲ್ಲ. ಕೊನೆಗೆ ತಪ್ಪಿದ್ದನ್ನೇ ಉಳಿಸಿಕೊಂಡೆವು. ಪೇಟಿಯ ಕೀಗಳು ಟಕ್ ಟಕ್ ಅನ್ನುವುದೂ ಕೇಳಿಸುತ್ತದೆ. ಉಳಿದ ಎರಡು ಪದಕ್ಕೆ ಪ್ರೊಡ್ಯೂಸರ್ ಬಿಲ್‌ಕುಲ್ ಒಪ್ಪಲಿಲ್ಲ, ಅವು ಪ್ರೋಗ್ರಾಂ ಮೇಲೆಯೇ ಹೋದವು. ಅವರ ದುಡ್ಡು, ಅವರ ಮಾತು.

ಮುಂದಿನ ತಿಂಗಳು ಅದೇ ಹುರುಪಿನಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಒಬ್ಬಳು ಹುಡುಗಿ ಸಿನಿಮಾಗೆ ಟ್ರ್ಯಾಕ್ ಹಾಡಲು ಬಂದಳು. ಪಿಯಾನೋ ನುಡಿಸುತ್ತಾಳೆ ಅಂತ ಗೊತ್ತಿತ್ತು. "ಕೀಬೋರ್ಡ್ ಮುಂದೆ ಕೂತು ಹಾಡಮ್ಮ" ಅಂತ ದುಂಬಾಲು ಬಿದ್ದೆ. ಪಾಪ, ಒಂದು ಗಂಟೆ ಸಹಿಸಿಕೊಂಡಳು. ಆಮೇಲೆ, "ಸರ್, ನನಗೆ ಬೂತ್ ಒಳಗೆ ಲೈಟ್ ಆಫ್ ಮಾಡಿ ಹಾಡಿದ್ರೇನೇ ಬರೋದು" ಅಂದಳು. ಲೈಟ್ ಆಫ್ ಮಾಡಿದೆ. ಎರಡನೇ ಟೇಕಿಗೇ ಓಕೆ ಆಯಿತು.

ಈಗ ಮೈಕ್ ಇಡುವ ಮೊದಲು ಬಂದವರನ್ನು ಸುಮ್ನೆ ಕೇಳಿಬಿಡುತ್ತೇನೆ: ಮನೆಯಲ್ಲಿ ಹೇಗೆ ಹಾಡ್ತೀರಿ? ನಿಂತಾ, ಕೂತಾ? ಕೈಯಲ್ಲಿ ಏನಿರುತ್ತೆ? ಒಬ್ಬರು ತಂಬೂರಿ ಅಂದರು. ಇನ್ನೊಬ್ಬರು ಕೈಯಲ್ಲಿ ಕರ್ಚೀಫ್ ಇರಬೇಕು ಅಂದರು, ಅದಕ್ಕೆ ಖರ್ಚೇನಿಲ್ಲ. ಹೋದ ವಾರ ಬಂದ ಹುಡುಗ ಸ್ವಲ್ಪ ಯೋಚಿಸಿ, "ಸರ್, ಸ್ಕೂಟರ್ ಓಡಿಸ್ತಾ ಹಾಡಿದ್ರೆ ಸಕತ್ತಾಗಿ ಬರುತ್ತೆ" ಅಂದ. ನಮ್ಮ ಸ್ಟುಡಿಯೋ ಇರೋದು ಎರಡನೇ ಮಹಡಿಯಲ್ಲಿ.