ದಾರಿ ಬಿಟ್ಟು ಯಾಕೆ ಹೋಗ್ತೀರಿ?

ಭಾನುವಾರ ಸಂಜೆ ಜಗಲಿ ಮೇಲೆ ಕೂತು ಪ್ಯಾಂಟಿಗೆ ಹತ್ತಿದ ಉತ್ರಾಣಿ ಕೀಳುವುದು ನನಗೆ ವಾರವಾರದ ಕೆಲಸ. ನೋಡಿದವರೆಲ್ಲ ಕೇಳುವುದು ಒಂದೇ. "ಬೆಟ್ಟಕ್ಕೆ ಹೋಗೋದು ಸರಿ. ಒಳ್ಳೇ ದಾರಿ ಇರುವಾಗ ಅದನ್ನ ಬಿಟ್ಟು ಪೊದೆಗೆ ಯಾಕೆ ನುಗ್ತೀರಿ? ಅಲ್ಲೇನಿದೆ?" ಆಫೀಸಿನವರು ಕೇಳುತ್ತಾರೆ, ಎದುರುಮನೆ ಆಂಟಿ ಕೇಳುತ್ತಾರೆ. ಅಮ್ಮ ಕೇಳುವುದಿಲ್ಲ, ನೇರ ಬೈಯುತ್ತಾಳೆ.

ನಾನು ಹೇಳುತ್ತಿರುವುದು ತುಮಕೂರು ಸುತ್ತಿನ ನಮ್ಮ ಬಂಡೆಗುಡ್ಡಗಳ ವಿಷಯ, ಮಲೆನಾಡಿನದಲ್ಲ. ಕುಮಾರ ಪರ್ವತದಂಥ ಕಡೆ ದಾರಿ ಬಿಡುವ ಮಾತೇ ಇಲ್ಲ. ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿನವರು ಕಾಣುವುದಿಲ್ಲ, ಮೇಲಾಗಿ ಅದು ವನ್ಯಧಾಮ. 2024ರ ಜನವರಿ ಕೊನೆಯಲ್ಲಿ ಅಲ್ಲಿ ಸೇರಿದ್ದ ಜನಜಂಗುಳಿಯ ಫೋಟೋ ನೀವೂ ನೋಡಿರಬೇಕು. ಥೇಟ್ ಜಾತ್ರೆ. ಅದಾದ ಮೇಲೆ ಸರ್ಕಾರ ಸ್ವಲ್ಪ ಕಾಲ ಚಾರಣ ನಿಲ್ಲಿಸಿ, ಆನ್‌ಲೈನ್‌ನಲ್ಲಿ ಬುಕ್ ಮಾಡಿದವರಿಗೆ ಮಾತ್ರ ಅಂತ ನಿಯಮ ಮಾಡಿತು. ಒಳ್ಳೇದೇ ಆಯ್ತು.

ಇತ್ತ ನಮ್ಮ ದೇವರಾಯನದುರ್ಗಕ್ಕೆ ಬನ್ನಿ. ಟಾರು ರಸ್ತೆ ಬೆಟ್ಟದ ಮೇಲಕ್ಕೇ ಹೋಗುತ್ತದೆ. ಕಾರು ನಿಲ್ಲಿಸಿ, ನರಸಿಂಹನಿಗೆ ಕೈ ಮುಗಿದು, ಕೋತಿಗೆ ಬಾಳೆಹಣ್ಣು ಕೊಟ್ಟು (ದಯವಿಟ್ಟು ಕೊಡಬೇಡಿ), ಸೆಲ್ಫಿ ತೆಗೆದು ವಾಪಸ್. ಈ ಬೆಟ್ಟಸಾಲಿನಲ್ಲಿ ಎರಡು ನದಿ ಹುಟ್ಟುತ್ತವೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶಿಂಷೆ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹೋಗಿ ಪೆನ್ನಾರ್ ಸೇರುತ್ತದೆ. ಅಕ್ಕಪಕ್ಕ ಬಿದ್ದ ಮಳೆ, ಸಮುದ್ರ ಸೇರುವುದು ಮಾತ್ರ ಬೇರೆ ಬೇರೆ ರಾಜ್ಯದಲ್ಲಿ. ಮಳೆಗಾಲದಲ್ಲಿ ನೀರು ಯಾವ ಕಡೆ ತಿರುಗುತ್ತಿದೆ ಅಂತ ಗಮನಿಸಲು ಕಾರಿಂದ ಇಳಿದು ನಡೆಯಲೇಬೇಕು.

ಆದರೆ ಅದು ಕಾಡು. ಅಲ್ಲಿ ಇಲಾಖೆಯವರನ್ನು ಕೇಳದೆ ರಸ್ತೆ ಬಿಟ್ಟು ಇಳಿಯುವುದಿಲ್ಲ. ನನ್ನ ಅಲೆದಾಟ ಜಾಸ್ತಿ ನಡೆಯುವುದು ಹೆಸರೇ ಇಲ್ಲದ ಗೋಮಾಳದ ಗುಡ್ಡಗಳಲ್ಲಿ. ಅಲ್ಲೂ ಸುಮ್ನೆ ನುಗ್ಗುವುದಿಲ್ಲ. ನಾನು ದಾರಿ ಬಿಡುತ್ತೇನೆ ಅನ್ನುವುದೇ ಅಷ್ಟು ಸರಿಯಲ್ಲ, ಬೇರೆಯವರ ದಾರಿ ಹಿಡಿಯುತ್ತೇನೆ ಅನ್ನಬೇಕು.

ಲಂಟಾನ ಪೊದೆಯ ನಡುವೆ ಕಿಂಡಿ ಇದೆಯೆಂದರೆ ಯಾರೋ ಓಡಾಡುತ್ತಾರೆ ಅಂತ. ಯಾರು ಅನ್ನುವುದಕ್ಕೆ ಕಿಂಡಿಯ ಎತ್ತರ ನೋಡಬೇಕು. ತಲೆಗಿಂತ ಮೇಲಿನ ಕೊಂಬೆಗಳೂ ಮುರಿದಿದ್ದರೆ ಸೌದೆ ಹೊರೆ ಹೊತ್ತವರ ದಾರಿ. ಕಣ್ಣು ಮುಚ್ಚಿ ಹೋಗಬಹುದು, ಊರಿಗೇ ಮುಟ್ಟಿಸುತ್ತದೆ. ದನದ ಜಾಡು ಅಗಲ, ಏರನ್ನು ಎದುರಿಸದೆ ಬಳಸಿಕೊಂಡು ಬಳಸಿಕೊಂಡು ಹೋಗುತ್ತದೆ. ಎಲ್ಲೋ ಒಂದು ಕಡೆ ನೀರಿಗೆ ಸೇರುತ್ತದೆ. ಮೇಕೆ ಜಾಡನ್ನು ಮಾತ್ರ ನಂಬಬಾರದು. ಚೆನ್ನಾಗಿ ಕರೆದುಕೊಂಡು ಹೋಗಿ, ಕಾರೆ ಮುಳ್ಳಿನ ಗಿಡದ ಬುಡದಲ್ಲಿ ಕೈ ಬಿಡುತ್ತದೆ. ಅದಕ್ಕೆ ಅಲ್ಲಿ ಊಟ ಇತ್ತು, ಬಂದಿತ್ತು, ಅಷ್ಟೇ. ಇನ್ನು ಮಂಡಿ ಎತ್ತರದ ಕಿಂಡಿ ಕಂಡರೆ, ಅದು ಹಂದಿಯದು. ನಾನು ವಾಪಸ್ ತಿರುಗುತ್ತೇನೆ.

ಬಗೆದು ಹಾಕಿದ ಹುತ್ತ ಕಂಡರೂ ಅಷ್ಟೇ. ಅದು ಕರಡಿ ಕೆಲಸ. ಕರಡಿಗೆ ದೃಷ್ಟಿ ಮಂದ, ತೀರಾ ಹತ್ತಿರ ಹೋಗುವ ತನಕ ನಾವು ಬಂದಿದ್ದು ಗೊತ್ತಾಗದೇ ಇರಬಹುದು. ಗಾಬರಿಯಾದರೆ ಮೇಲೇ ಬೀಳುತ್ತದೆ. ಹಗಲು ಮಲಗುವುದು ಬಂಡೆ ಸಂದಿಗಳಲ್ಲಿ. ಹಾಗಾಗಿ ಗವಿ ಕಂಡರೆ ಇಣುಕುವ ಚಪಲ ನನಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆ ಬಂಡೆ ಇಳಿಯುವಾಗ ಚೆನ್ನಾಗಿ ಸಿಕ್ಕಿಹಾಕಿಕೊಂಡೆ.

ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಆ ಹೆಸರಲ್ಲೇ ಕರೆಯುವ ಗ್ರಾನೈಟ್ ಈ ಸೀಮೆಯಲ್ಲೆಲ್ಲ ಹರಡಿದೆ, ಸಾವನದುರ್ಗ, ಶಿವಗಂಗೆ ಎಲ್ಲ ಅದರದ್ದೇ. ಸುಮಾರು 250 ಕೋಟಿ ವರ್ಷದ ಬಂಡೆ. ಅದು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚಿಕೊಳ್ಳುವುದರಿಂದ ಗುಡ್ಡ ಆನೆ ಬೆನ್ನಿನ ಆಕಾರಕ್ಕೆ ಬರುತ್ತದೆ. ನೋಡಲು ಚೆಂದ. ಇಳಿಯುವವನ ಕಥೆ ಬೇರೆ. ನೆತ್ತಿಯ ಮೇಲೆ ಚಪ್ಪಟೆ, ಮುಂದೆ ಸ್ವಲ್ಪ ಇಳಿಜಾರು, ಇನ್ನೂ ಸ್ವಲ್ಪ. ಪಾತಾಳ ಶುರುವಾಗುವ ಜಾಗ ಕಾಣುವುದೇ ಇಲ್ಲ. ಕಂಡಾಗ ನಾನು ಕೂತು ಅಂಗೈ ಊರಿ ತೆವಳುತ್ತಿದ್ದೆ. ಹಿಂದಿನ ರಾತ್ರಿ ಮಳೆ ಬಂದು ಕಪ್ಪು ಪಾಚಿ ಮೆತ್ತಗಾಗಿತ್ತು. ಹಿಂದಕ್ಕೆ ಹತ್ತಿದೆ, ನಾಲ್ಕು ಕಾಲಲ್ಲಿ. ಗುಡ್ಡದ ಇನ್ನೊಂದು ಮಗ್ಗುಲಿಗೆ ಸುತ್ತು ಹಾಕುವಷ್ಟರಲ್ಲಿ ಗಂಟೆ ನಾಲ್ಕೂವರೆ.

ಅಲ್ಲಿ ಮೇಕೆ ಕಾಯುತ್ತಾ ಒಬ್ಬ ಮುದುಕರು ಕೂತಿದ್ದರು.

"ಎಲ್ಲಿಗೋಗ್ಬೇಕಿತ್ತು ಸ್ವಾಮಿ?"

"ಆ ಕಡೆ ಊರಿಗೆ ಯಜಮಾನ್ರೇ. ಗಾಡಿ ಅಲ್ಲೇ ಬಿಟ್ಟಿದ್ದೀನಿ. ದಾರಿ ತಪ್ಪಿಬಿಟ್ಟೆ."

"ತಪ್ಪಿಲ್ಲ ಬುಡಿ. ಇದು ನಮ್ ಮೇಕೆ ದಾರಿ."

ನೀರು ಬೇಕಾ ಅಂತ ಕೇಳಿ ಬಂಡೆಯ ಮೇಲಿನ ಒಂದು ದೊಣೆ ತೋರಿಸಿದರು. ಮಂಚದಷ್ಟು ಅಗಲ, ಮಳೆ ನೀರು ನಿಂತು ತಿಳಿಯಾಗಿತ್ತು. ತಳದಲ್ಲಿ ಸಣ್ಣ ಮರಳು. ಅಂಚಿನಲ್ಲಿ ಒಂದು ತೆಂಗಿನ ಚಿಪ್ಪು ಮಗುಚಿಟ್ಟಿತ್ತು, ಗಾಳಿಗೆ ಹಾರದಿರಲಿ ಅಂತ ಮೇಲೊಂದು ಕಲ್ಲು. ಮೊಗೆದು ಕುಡಿದೆ. ಕಾದ ಕಲ್ಲಿನ ರುಚಿ. ಹೊಟ್ಟೆಗೇನೂ ಆಗಲಿಲ್ಲ, ಆದರೆ ನೀವು ಕುಡೀರಿ ಅಂತ ಹೇಳಲಾರೆ. ಚಿಪ್ಪನ್ನು ಹಾಗೇ ಇಟ್ಟು ಬರಲು ಹೋದರೆ ಯಜಮಾನರು ಕೂತಲ್ಲಿಂದಲೇ ಕೂಗಿದರು: "ಮಗುಚಿ ಇಕ್ಕಿ ಸ್ವಾಮಿ, ಉಳ ಕೂತ್ಕತವೆ."

ಅಲ್ಲೇನಿದೆ ಅಂತ ಕೇಳಿದಿರಲ್ಲ, ಆ ದೊಣೆ ಇದೆ. ಗೂಗಲ್ ಮ್ಯಾಪಿನಲ್ಲಿ ಇಲ್ಲ, ಇರುವುದೂ ಬೇಡ. ಆಮೇಲೆ ಮೂರ್ನಾಲ್ಕು ಸಲ ಹೋಗಿದ್ದೇನೆ. ಯಜಮಾನರು ಸಿಕ್ಕಿಲ್ಲ. ಹೋದ ತಿಂಗಳು ಹೋದಾಗ ಚಿಪ್ಪಿನ ಜಾಗದಲ್ಲಿ ನೆಗ್ಗಿದ ಸ್ಟೀಲ್ ಲೋಟ ಇತ್ತು. ಮಗುಚಿಟ್ಟು, ಮೇಲೆ ಕಲ್ಲು ಹೇರಿದ್ದರು.