ಪೆನ್‌ಡ್ರೈವ್‌ನಲ್ಲಿ ಬಂದ ಲಿನಕ್ಸ್

ನನ್ನ ಲ್ಯಾಪ್‌ಟಾಪ್‌ಗೆ ಹತ್ತು ವರ್ಷ ದಾಟಿತ್ತು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇದರಲ್ಲಿ ಅದಿಲ್ಲ. ಆದರೆ ಕೀಬೋರ್ಡ್ ಚೆನ್ನಾಗಿತ್ತು, ಸ್ಕ್ರೀನ್‌ನಲ್ಲಿ ಒಂದು ಗೆರೆಯೂ ಇರಲಿಲ್ಲ. ಮೂಲೆಗೆ ಹಾಕೋಕೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಕೆ ಕೂತೆ.

ರ‍್ಯಾಮ್ ಕಮ್ಮಿ ಇದ್ದುದರಿಂದ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಂಡೆ. ಫೈಲ್ ಕೆಡದೆ ಬಂದಿದೆಯಾ ಅಂತ ತಿಳಿಸುವ ಚೆಕ್‌ಸಮ್ ತಾಳೆ ನೋಡಿದೆ, ಸರಿ ಇತ್ತು. ಇಳಿಸಿಕೊಂಡ ಐಎಸ್ಒ ಫೈಲನ್ನು (ಇಡೀ ಸಿಸ್ಟಮ್ ಇರುವ ಒಂದೇ ಫೈಲ್) ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಅದರಿಂದ ಲ್ಯಾಪ್‌ಟಾಪ್ ಬೂಟ್ ಆಗುವುದಿಲ್ಲ, ಅಂದರೆ ಶುರುವಾಗುವುದಿಲ್ಲ. ರೂಫಸ್, ಎಚರ್ ಥರದ ಪ್ರೋಗ್ರಾಂನಿಂದಲೇ ಬರೆಯಬೇಕು, ಬರೆದಾಗ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಶಿಫ್ಟ್ ಒತ್ತಿ ಹಿಡಿದು ವಿಂಡೋಸ್ ಅನ್ನು ಶಟ್‌ಡೌನ್ ಮಾಡಿದೆ. ವಿಂಡೋಸ್ ಬೇಗ ಶುರುವಾಗಲಿ ಅಂತಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಬರೀ ಶಟ್‌ಡೌನ್ ಅದನ್ನು ಅರ್ಧ ನಿದ್ದೆಯಲ್ಲಿ ಬಿಡುತ್ತದೆ, ಆಗ ಲಿನಕ್ಸ್‌ನಿಂದ ವಿಂಡೋಸ್ ಇರುವ ಡ್ರೈವ್‌ಗೆ ಏನೂ ಬರೆಯಲು ಆಗದೇ ಇರಬಹುದು.

ಎಫ್12 ಒತ್ತಿ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿದೆ. ಸ್ವಲ್ಪ ಹೊತ್ತು ಕಪ್ಪು ಪರದೆ, ಮಿಂಟ್ ಗುರುತು, ಆಮೇಲೆ ಪೂರ್ತಿ ಡೆಸ್ಕ್‌ಟಾಪ್! ಹಾರ್ಡ್ ಡಿಸ್ಕ್ ಮುಟ್ಟದೆಯೇ ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ಓಡುತ್ತಿದೆ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ. ವೈಫೈ ಸಿಕ್ಕಿತು, ಸೌಂಡ್ ಬಂತು, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳೂ ಕೆಲಸ ಮಾಡಿದವು. ಮುಚ್ಚಳ ಮುಚ್ಚಿ ತೆಗೆದೆ, ನಿದ್ದೆಯಿಂದ ಸರಿಯಾಗಿ ಎದ್ದಿತು. ಏನೇನು ಸರಿ ಇದೆ, ಏನೇನು ಇನ್ನೂ ನೋಡಬೇಕು ಅಂತ ಒಂದು ಪಟ್ಟಿ ಬರೆದು ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿದೆ.

ಇನ್ನೊಮ್ಮೆ ಬೂಟ್ ಮಾಡಿ ನೋಡೋಣ ಅಂತ ರೀಸ್ಟಾರ್ಟ್ ಮಾಡಿದೆ. ಪಟ್ಟಿ ಇಲ್ಲ. ವೈಫೈ ಪಾಸ್‌ವರ್ಡ್ ಕೂಡ ಮತ್ತೆ ಕೇಳಿತು. ಹೀಗೆ ಪೆನ್‌ಡ್ರೈವ್‌ನಿಂದಲೇ ಓಡಿಸುವುದಕ್ಕೆ ಲೈವ್ ಅಂತಾರೆ, ಹಾಗಂದರೆ ಏನು ಅಂತ ಆಗಲೇ ಸರಿಯಾಗಿ ಅರ್ಥ ಆಗಿದ್ದು. ಪೆನ್‌ಡ್ರೈವ್‌ನಲ್ಲಿರುವ ಸಿಸ್ಟಮ್ ಓದಲಿಕ್ಕೆ ಮಾತ್ರ, ನಾವು ಮಾಡಿದ ಬದಲಾವಣೆಗಳೆಲ್ಲ ರ‍್ಯಾಮ್‌ನಲ್ಲಿ ಕೂತಿರುತ್ತವೆ, ಆಫ್ ಅಥವಾ ರೀಸ್ಟಾರ್ಟ್ ಮಾಡಿದ ಕೂಡಲೇ ಅವೂ ಹೋಗುತ್ತವೆ. ಉಳಿಯಬೇಕು ಅಂದರೆ ಪೆನ್‌ಡ್ರೈವ್ ಬರೆಯುವಾಗಲೇ ಪರ್ಸಿಸ್ಟೆನ್ಸ್‌ಗೆ ಅಂತ ಬೇರೆ ಜಾಗ ಬಿಡಬೇಕು.

ಮಧ್ಯಾಹ್ನ ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ, ಲೈವ್‌ನಿಂದಲೇ ಹಳೆ ಫೋಟೋಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿಕೊಂಡೆ. ಇನ್‌ಸ್ಟಾಲರ್ ಶುರು ಮಾಡಿ ಭಾಷೆ, ಕೀಬೋರ್ಡ್ ಎಲ್ಲ ದಾಟಿಕೊಂಡು, ಡಿಸ್ಕ್ ಪೂರ್ತಿ ಅಳಿಸಿ ಹಾಕುವ ಆಯ್ಕೆ ಒತ್ತಿದೆ. ಯಾವ ಡಿಸ್ಕ್ ಅಂತ ಕೇಳಿತು, ಪಟ್ಟಿಯಲ್ಲಿ ಎರಡು ಹೆಸರು. ಕೈ ಅಲ್ಲೇ ನಿಂತಿತು. ಈಗಷ್ಟೇ ಫೋಟೋ ತುಂಬಿದ ಡಿಸ್ಕೂ ಅಲ್ಲೇ ಇದೆ, ಅಲ್ವಾ? ಟರ್ಮಿನಲ್ ತೆರೆದು ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಕೊಟ್ಟೆ. ಎಸ್‌ಡಿಎ 465.8 ಜಿ, ಎಸ್‌ಡಿಸಿ 931.5 ಜಿ. ಕಂಪನಿಯವರು 1000ರ ಲೆಕ್ಕದಲ್ಲಿ 500 ಜಿಬಿ ಅಂತ ಬರೆದದ್ದನ್ನು ಕಮಾಂಡ್ 1024ರ ಲೆಕ್ಕದಲ್ಲಿ ತೋರಿಸುವುದರಿಂದ ಸುಮಾರು 466 ಆಗುತ್ತದೆ, ಹಾಗಾಗಿ ಎಸ್‌ಡಿಎ ಲ್ಯಾಪ್‌ಟಾಪ್‌ನದ್ದೇ. ಗೊತ್ತಾದರೂ ಧೈರ್ಯ ಬರಲಿಲ್ಲ. ಇನ್‌ಸ್ಟಾಲರ್ ಮುಚ್ಚಿ, ಎಕ್ಸ್‌ಟರ್ನಲ್ ಡಿಸ್ಕನ್ನು ಅನ್‌ಮೌಂಟ್ ಮಾಡಿ ಕಿತ್ತು, ಇನ್ನೊಂದು ರೂಮಿನಲ್ಲಿಟ್ಟು ಬಂದು ಮತ್ತೆ ಮೊದಲಿಂದ ಶುರು ಮಾಡಿದೆ. ಹತ್ತು ನಿಮಿಷ ಜಾಸ್ತಿ ಹಿಡಿಯಿತು, ಅಷ್ಟೇ.

ಉಳಿದದ್ದು ಅರ್ಧ ಗಂಟೆಯ ಕೆಲಸ. ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ ಅಂತ ಬಂತು, ಒತ್ತಿದೆ. ಲಾಗಿನ್ ಆದ ತಕ್ಷಣ ಬೆಳಿಗ್ಗೆಯ ಪಟ್ಟಿಯನ್ನು ನೆನಪಿಸಿಕೊಂಡು ಮತ್ತೆ ಬರೆದೆ, ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಈ ಸಲ ಇಟ್ಟಲ್ಲೇ ಇತ್ತು.