ದರಪಟ್ಟಿ ಸರ್ವರ್ ಒಳಗೆ ಇಣುಕಿದ್ದು

ಕೋಲಾರ, 9 ಜುಲೈ 2025, ಬುಧವಾರ

ಸರ್ವರ್ ನಿಧಾನವಾದರೆ ಡೇಟಾಬೇಸ್ ಮೇಲೆ ಗೂಬೆ ಕೂರಿಸುವುದು ನಮ್ಮ ತಂಡದ ಹಳೇ ಚಾಳಿ. ಎಪಿಎಂಸಿಯಲ್ಲಿ ಬೆಳಗ್ಗೆ ಟೊಮೆಟೊ ಹರಾಜು ಶುರುವಾದ ಕೂಡಲೇ ರೈತರು, ಮಂಡಿಯವರು, ಲಾರಿಯವರು ಎಲ್ಲರೂ ಒಟ್ಟಿಗೆ ನಮ್ಮ ದರಪಟ್ಟಿ ಆ್ಯಪ್ ತೆರೆದು 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ ನೋಡುತ್ತಾರೆ, ಸರಿಯಾಗಿ ಆಗಲೇ ನಮ್ಮ ನೋಡ್ ಸರ್ವರ್ (ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಮೇಲೆ ನಡೆಯುವಂಥದ್ದು) ತೆವಳಲು ಶುರು ಮಾಡುತ್ತದೆ. ಇವತ್ತು, ಯಾವ ಪ್ರೋಸೆಸ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿ ನೋಡಿದೆ. ಡೇಟಾಬೇಸ್ ಆರಾಮಾಗಿ ಕೂತಿದೆ, ನೋಡ್ ಪ್ರೋಸೆಸ್ ಮಾತ್ರ 100%ಗೆ ಅಂಟಿಕೊಂಡಿದೆ. ಸುಮ್ನೆ ಉತ್ತರಕ್ಕೆ ಕಾಯುವ ಪ್ರೋಸೆಸ್ ಇಷ್ಟು ಸಿಪಿಯು ತಿನ್ನುವುದಿಲ್ಲ, ಅಲ್ವಾ?

ರೀಸ್ಟಾರ್ಟ್ ಮಾಡಿ ಪ್ರೊಫೈಲ್ (ಯಾವ ಫಂಕ್ಷನ್ ಎಷ್ಟು ಸಮಯ ತಿನ್ನುತ್ತಿದೆ ಅನ್ನುವ ದಾಖಲೆ) ತೆಗೆಯೋಣ ಅಂದರು ತಂಡದವರು. ಬೇಡ ಅಂದೆ. ಆ ಹೊತ್ತಿನ ಲೋಡ್ ಕೈತಪ್ಪಿದರೆ ಮತ್ತೆ ನಾಳೆವರೆಗೆ ಕಾಯಬೇಕು. ಲಿನಕ್ಸ್‌ನಲ್ಲಿ ಓಡುತ್ತಿರುವ ನೋಡ್‌ಗೆ ಸಿಗ್‌ಯೂಸರ್1 ಸಿಗ್ನಲ್ ಕಳಿಸಿದರೆ ಸಾಕು, ಒಳಗೆ ಏನಾಗುತ್ತಿದೆ ಅಂತ ತೋರಿಸುವ ಇನ್‌ಸ್ಪೆಕ್ಟರ್ ಎದ್ದು 9229 ಪೋರ್ಟ್‌ನಲ್ಲಿ ಕೂರುತ್ತದೆ. ಅದು 127.0.0.1ರಲ್ಲಿ, ಅಂದರೆ ಅದೇ ಯಂತ್ರದ ಒಳಗೆ ಮಾತ್ರ ಸಿಗುವುದರಿಂದ ಎಸ್‌ಎಸ್‌ಎಚ್ ಟನಲ್ (ಹೊರಗಿನವರು ಇಣುಕಲಾಗದ ಸುರಂಗ) ಹಾಕಿ ನನ್ನ ಲ್ಯಾಪ್‌ಟಾಪ್‌ನ ಕ್ರೋಮ್‌ಗೆ ಎಳೆದುಕೊಂಡೆ. (ಈ ಪೋರ್ಟನ್ನು ದಯವಿಟ್ಟು ಇಂಟರ್ನೆಟ್‌ಗೆ ತೆರೆದಿಡಬೇಡಿ. ಹೊಕ್ಕವರು ನಿಮ್ಮ ಪ್ರೋಸೆಸ್ ಒಳಗೆ ಯಾವ ಕೋಡ್ ಬೇಕಾದರೂ ಓಡಿಸಬಹುದು.) ಹೀಪ್ ಸ್ನ್ಯಾಪ್‌ಶಾಟ್ (ಮೆಮೊರಿಯಲ್ಲಿ ಏನೇನಿದೆ ಅನ್ನುವ ಚಿತ್ರ) ಕೂಡ ತೆಗಿ ಅಂತ ಒಬ್ಬರ ಸಲಹೆ. ಅದು ಮುಗಿಯುವವರೆಗೆ ಕೋಡ್ ಓಡಿಸುವ ಮೇನ್ ಥ್ರೆಡ್ ನಿಂತೇ ಹೋಗುತ್ತದೆ, ಮೆಮೊರಿಯೂ ಜಾಸ್ತಿ ಬೇಕು. ಹರಾಜಿನ ಹೊತ್ತಲ್ಲಿ ಯಾರು ಮಾಡ್ತಾರೆ!

ಅರ್ಧ ನಿಮಿಷ ಸಿಪಿಯು ಪ್ರೊಫೈಲ್ ರೆಕಾರ್ಡ್ ಮಾಡಿದೆ. ನೋಡ್ ಒಳಗಿನ ಜಾವಾಸ್ಕ್ರಿಪ್ಟ್ ಎಂಜಿನ್ ವಿ8ರ ಪ್ರೊಫೈಲರ್ ಪ್ರತಿ ಫಂಕ್ಷನ್ನನ್ನೂ ಅಳೆಯುತ್ತಾ ಕೂರುವುದಿಲ್ಲ. ಆಗಾಗ ಇಣುಕಿ, ಈಗ ಸ್ಟ್ಯಾಕ್‌ನಲ್ಲಿ (ಒಂದನ್ನೊಂದು ಕರೆದ ಫಂಕ್ಷನ್‌ಗಳ ಸಾಲಿನಲ್ಲಿ) ಯಾರಿದ್ದಾರೆ ಅಂತ ಬರೆದುಕೊಂಡು ಹೋಗುತ್ತದೆ, ಅದಕ್ಕೇ ಲೈವ್ ಸರ್ವರ್ ಅದನ್ನು ತಡೆದುಕೊಳ್ಳುತ್ತದೆ. ಪ್ರತಿ ಫಂಕ್ಷನ್ನನ್ನೂ ಒಂದೊಂದು ಪಟ್ಟಿಯಾಗಿ ತೋರಿಸುವ ಫ್ಲೇಮ್ ಚಾರ್ಟ್‌ನಲ್ಲಿ ಎತ್ತರ ನೋಡಿ ಗಾಬರಿಯಾಗಬೇಡಿ, ಅದು ಯಾರು ಯಾರನ್ನು ಕರೆದರು ಅನ್ನುವುದಷ್ಟೇ. ಅಗಲ ನೋಡಿ, ಅದು ಹಿಡಿದ ಸಮಯ. ನಮ್ಮಲ್ಲಿ ಅಗಲಕ್ಕೆ ಮಲಗಿದ್ದ ಪಟ್ಟಿಯ ಹೆಸರು ಟುಲೊಕೇಲ್‌ಸ್ಟ್ರಿಂಗ್, ಅಂಕಿಯನ್ನು ಆಯಾ ಭಾಷೆಯ ರೂಪಕ್ಕೆ ತರುವ ಫಂಕ್ಷನ್.

ದರವನ್ನು ಕನ್ನಡ ಅಂಕಿಯಲ್ಲಿ ತೋರಿಸಲು, ಎರಡು ದಶಮಾಂಶ ಇಡಲು ಪ್ರತಿ ಸಾಲಿಗೂ ಅದನ್ನು ಆಪ್ಷನ್ಸ್ ಸಮೇತ ನಮ್ಮ ಕೋಡ್ ಕರೆಯುತ್ತಿತ್ತು. ಹಾಗೆ ಕರೆದಾಗಲೆಲ್ಲ ಒಳಗೆ ಹೊಸ ಫಾರ್ಮ್ಯಾಟರ್ (ಅಂಕಿಗೆ ರೂಪ ಕೊಡುವ ಆಬ್ಜೆಕ್ಟ್) ಹುಟ್ಟುತ್ತದೆ. ಒಂದು ಸಲಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ದರಪಟ್ಟಿ ಉದ್ದ, ಕೇಳುವವರು ಸಾಲುಗಟ್ಟಿದ್ದಾರೆ, ಕೆಲಸಗಳನ್ನು ಒಂದಾದ ಮೇಲೊಂದು ಮುಗಿಸುವ ಈವೆಂಟ್ ಲೂಪ್ ಇರುವುದು ಒಂದೇ. ಹರಾಜು ಕೂಗುವ ಒಬ್ಬನೇ ಮನುಷ್ಯ ಪ್ರತಿ ಬಾಕ್ಸ್‌ಗೂ ಹೊಸ ರಸೀದಿ ಪುಸ್ತಕ ಹೊಲಿಸಿಕೊಂಡು ಬಂದ ಹಾಗೆ.

ಆ ಫಾರ್ಮ್ಯಾಟರನ್ನು, ಅಂದರೆ ಇಂಟ್ಲ್ ನಂಬರ್‌ಫಾರ್ಮ್ಯಾಟ್ ಆಬ್ಜೆಕ್ಟನ್ನು ಫೈಲಿನ ಮೇಲುಗಡೆ ಒಂದೇ ಸಲ ಮಾಡಿಟ್ಟು, ಎಲ್ಲ ಕಡೆ ಅದನ್ನೇ ಬಳಸುವಂತೆ ಬದಲಾಯಿಸಿದೆ. ಹರಾಜು ಮುಗಿಯುವ ಮೊದಲೇ ಡಿಪ್ಲಾಯ್ ಆಯಿತು. ಮತ್ತೆ ಪ್ರೊಫೈಲ್ ತೆಗೆದರೆ ಟುಲೊಕೇಲ್‌ಸ್ಟ್ರಿಂಗ್ ಪಟ್ಟಿಯನ್ನು ಜೂಮ್ ಮಾಡಿ ಹುಡುಕಬೇಕಾಯಿತು. ಈಗ ಅಗಲವಾಗಿರುವುದು ಡೇಟಾವನ್ನು ಕಳಿಸಲು ಪಠ್ಯವಾಗಿಸುವ ಜೇಸನ್ ಸ್ಟ್ರಿಂಗಿಫೈ, ಯಾಕೆಂದರೆ ಒಂದು ದರ ಬದಲಾದರೂ ಇಡೀ ದರಪಟ್ಟಿ ಕಳಿಸುತ್ತಿದ್ದೇವೆ. ಅದಕ್ಕೆ ಕೈ ಹಾಕುವ ಮುಂಚೆ ನೋಡ್‌ನಲ್ಲೇ ಇರುವ ಅಳತೆಯ ಸಾಧನ ಪರ್ಫ್ ಹುಕ್ಸ್‌ನಿಂದ ಈವೆಂಟ್ ಲೂಪ್ ಎಷ್ಟು ತಡವಾಗುತ್ತಿದೆ ಅಂತ ನಾಳೆ ಬೆಳಗ್ಗೆ ಲಾಗ್‌ಗೆ ಹಾಕಬೇಕು. ಸರಾಸರಿ ಬೇಡ, 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 99 ಅಳತೆಗಳು ಅದರೊಳಗೆ ಬರುವ ಮಿತಿ.